ಒಂದು ಲೀಟರ್ ಡೀಸೆಲ್‌ನ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಬೆಳಗಿನಿಂದ ಹೇಳಿದ್ದಾರೆ. ನಾನು ಮೂವತ್ತೊಂದು ವರ್ಷ ಪಾಲಿಟೆಕ್ನಿಕ್‌ನ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡಿದವನು. ನನಗೆ ಗೊತ್ತಿರುವುದು ಎಂಜಿನ್. ನಮ್ಮೂರಿನಲ್ಲಿ ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ಹಳ್ಳದ ದಂಡೆಯುದ್ದಕ್ಕೂ ಕೇಳುವುದು ಡೀಸೆಲ್ ಪಂಪ್‌ಸೆಟ್ಟಿನ ಸದ್ದೇ. ಹಾಗಾಗಿ ಡೀಸೆಲ್ ಎಂಜಿನ್ನಿನ ಸಾಮರ್ಥ್ಯವನ್ನೂ ದಕ್ಷತೆಯನ್ನೂ ಲೆಕ್ಕ ಹಾಕುವುದು ಹೇಗೆ ಎಂಬುದನ್ನೇ ಹೇಳುತ್ತೇನೆ. ಇದಕ್ಕೆ ಬೇಕಾದ ಗಣಿತ ಒಂಬತ್ತನೇ ತರಗತಿಯದು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: ಹತ್ತು. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಒಂದು ಕಿಲೋ ಡೀಸೆಲ್ ಉರಿದರೆ ಸುಮಾರು 43 ಮೆಗಾಜೂಲ್ ಶಾಖ. ಅಂದರೆ ಲೀಟರಿಗೆ ಹೆಚ್ಚುಕಡಿಮೆ 36 ಮೆಗಾಜೂಲ್. ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ ಯೂನಿಟ್, ಅದು 3.6 ಮೆಗಾಜೂಲ್. ಹಾಗಾದರೆ ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತು ಯೂನಿಟ್ ಶಕ್ತಿ ಅಡಗಿದೆ. ಅದರಲ್ಲಿ ನಿಮ್ಮ ಕೆಲಸಕ್ಕೆ ಎಷ್ಟು ಸಿಕ್ಕಿತು ಎಂಬುದೇ ದಕ್ಷತೆ. ಮೂರು ಯೂನಿಟ್ ಸಿಕ್ಕಿದರೆ ಶೇಕಡಾ 30.

ಎಚ್‌ಪಿ ಎನ್ನುವುದು ಬೇರೆ. 76 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಎಚ್‌ಪಿ, ಅಂದರೆ 746 ವಾಟ್. ಐದು ಎಚ್‌ಪಿ ಎಂಜಿನ್ ಎಂದರೆ 3.7 ಕಿಲೋವಾಟ್. ಎಷ್ಟು ಬೇಗ ಕೆಲಸ ಮಾಡಬಲ್ಲದು ಎಂದು ಎಚ್‌ಪಿ ಹೇಳುತ್ತದೆ, ಎಷ್ಟು ಉಂಡು ಮಾಡುತ್ತದೆ ಎಂದು ದಕ್ಷತೆ ಹೇಳುತ್ತದೆ. ಅಂಗಡಿಯಲ್ಲಿ ನಾವು ಕೇಳುವುದು ಮೊದಲನೆಯದನ್ನು. ವರ್ಷವಿಡೀ ದುಡ್ಡು ತೆರುವುದು ಎರಡನೆಯದಕ್ಕೆ.

ಮಕ್ಕಳಿಗಾಗಿ ಒಂದು ಮಾತು. ಈ ಎಂಜಿನ್ನಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ ಜರ್ಮನಿಯ ಮ್ಯೂನಿಕ್‌ನಲ್ಲಿ ಓದುತ್ತಿದ್ದಾಗ ಅವನಿಗೆ ಪಾಠ ಮಾಡಿದವರು ಕಾರ್ಲ್ ಲಿಂಡೆ. ಉಗಿ ಎಂಜಿನ್ ತನಗೆ ಸಿಕ್ಕ ಶಾಖದಲ್ಲಿ ಶೇಕಡಾ 6ರಿಂದ 10 ಭಾಗವನ್ನಷ್ಟೇ ಕೆಲಸವಾಗಿಸುತ್ತದೆ ಎಂದು ಅವರು ತರಗತಿಯಲ್ಲಿ ಹೇಳಿದರು. ಹುಡುಗ ಅದನ್ನು ನೋಟ್ಸಿನ ಅಂಚಿನಲ್ಲಿ ಗುರುತು ಹಾಕಿಕೊಂಡ. ಉಳಿದ ತೊಂಬತ್ತು ಭಾಗ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. 1897ರ ಫೆಬ್ರವರಿಯಲ್ಲಿ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಅವನ ಎಂಜಿನ್ನನ್ನು ಪ್ರೊಫೆಸರ್ ಶ್ರೋಟರ್ ಪರೀಕ್ಷಿಸಿದಾಗ ಬಂದ ದಕ್ಷತೆ ಶೇಕಡಾ 26.2. ಇವತ್ತು ದೊಡ್ಡ ಹಡಗುಗಳ ಡೀಸೆಲ್ ಎಂಜಿನ್ನುಗಳು ಶೇಕಡಾ 50ರ ಹತ್ತಿರ ಬಂದಿವೆ. ನಮ್ಮ ಹಳ್ಳದ ದಂಡೆಯ ಎಂಜಿನ್ನುಗಳು ಮಾತ್ರ ಇನ್ನೂ ಡೀಸೆಲ್ ಸಾಹೇಬರ ಆ ಮೊದಲ ಎಂಜಿನ್ನಿನ ಆಸುಪಾಸಿನಲ್ಲೇ ಇವೆ.

ಲ್ಯಾಬಿನಲ್ಲಿ ಇದನ್ನು ಅಳೆಯುವ ರೀತಿ ಬಹಳ ಸರಳ. ಎಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟುತ್ತೇವೆ. ಎರಡರ ವ್ಯತ್ಯಾಸವೇ ಚಕ್ರವನ್ನು ತಡೆಯುತ್ತಿರುವ ಭಾರ. ಆ ವ್ಯತ್ಯಾಸ 12 ಕಿಲೋ, ಚಕ್ರದ ನಡುವಿನಿಂದ ಹಗ್ಗಕ್ಕೆ 20 ಸೆಂಟಿಮೀಟರ್ ಎಂದುಕೊಳ್ಳಿ. 12ನ್ನು 9.81ರಿಂದ, ಮತ್ತೆ 0.2ರಿಂದ ಗುಣಿಸಿದರೆ ಟಾರ್ಕ್ ಸುಮಾರು 23.5 ನ್ಯೂಟನ್ ಮೀಟರ್. ಎಂಜಿನ್ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತಿದ್ದರೆ, 2 ಪೈ ಗುಣಿಸು 25 ಗುಣಿಸು 23.5. ಬಂದದ್ದು 3700 ವಾಟ್, ಸರಿಯಾಗಿ ಐದು ಎಚ್‌ಪಿ. ಅದೇ ಹೊತ್ತಿಗೆ ಗಾಜಿನ ಕೊಳವೆಯಿಂದ 50 ಮಿಲಿಲೀಟರ್ ಡೀಸೆಲ್ 140 ಸೆಕೆಂಡಿನಲ್ಲಿ ಇಳಿಯಿತು ಎನ್ನಿ. ಗಂಟೆಗೆ 1.29 ಲೀಟರ್, ಅಂದರೆ 12.9 ಯೂನಿಟ್ ಒಳಗೆ ಹೋಯಿತು, 3.7 ಯೂನಿಟ್ ಹೊರಗೆ ಬಂತು. ದಕ್ಷತೆ ಶೇಕಡಾ 29. ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಹೊಗೆಯ ಜೊತೆ ಹೋಗುತ್ತದೆ, ಇನ್ನರ್ಧ ತಂಪು ಮಾಡುವ ನೀರಿಗೂ ಎಂಜಿನ್ನಿನ ಮೈಯಿಂದ ಗಾಳಿಗೂ ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಬಾರದು. ತೂಕ ಕಡಿಮೆ ಮಾಡುತ್ತಾ ಮತ್ತೆ ಮತ್ತೆ ಅಳೆಯಬೇಕು. ಇದೇ ಎಂಜಿನ್ನಿಗೆ ಕಾಲುಭಾಗ ಭಾರ ಕೊಟ್ಟರೆ ದಕ್ಷತೆ ಶೇಕಡಾ 15-16ಕ್ಕೆ ಕುಸಿಯುತ್ತದೆ. ಭಾರವನ್ನೂ ಡೀಸೆಲ್‌ನ ಖರ್ಚನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಬಹುಪಾಲು ನೇರ ಗೆರೆ ಬರುತ್ತದೆ. ಅದನ್ನು ಸೊನ್ನೆಯ ಹಿಂದಕ್ಕೂ ಚಾಚಿದರೆ, ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಲು ಎಷ್ಟು ಶಕ್ತಿ ನುಂಗುತ್ತದೆ ಎಂಬುದು ಸಿಗುತ್ತದೆ. ಇದಕ್ಕೆ ವಿಲ್ಲನ್ಸ್ ರೇಖೆ ಎಂದು ಹೆಸರು. ಎಂಜಿನ್ನನ್ನು ಬಿಚ್ಚದೆ ಅದರ ಹೊಟ್ಟೆಯೊಳಗಿನ ಘರ್ಷಣೆಯನ್ನು ಹಾಳೆಯ ಮೇಲೆ ಓದುವ ಈ ಉಪಾಯ ನನಗೆ ಇಂದಿಗೂ ಬಹಳ ಇಷ್ಟ. ಖಾಲಿ ಓಡುವ ಎಂಜಿನ್ ಪುಕ್ಕಟೆ ಓಡುವುದಿಲ್ಲ. ಹೊರಗೆ ಶಾಮಿಯಾನದ ಹಿಂದೆ ನಿಂತಿದೆಯಲ್ಲ, ಆ ಲಾರಿಯಷ್ಟು ದೊಡ್ಡ ಜನರೇಟರ್, ಅದು ಬೆಳಗಿನಿಂದ ಎಳೆಯುತ್ತಿರುವುದು ಈ ಮೈಕು ಮತ್ತು ನಾಲ್ಕು ಫ್ಯಾನು. ಖಜಾಂಚಿಯವರು ಸಂಜೆ ಲೆಕ್ಕ ನೋಡುವಾಗ ನನ್ನ ಮಾತು ನೆನಪಿಸಿಕೊಳ್ಳುತ್ತಾರೆ.

ಈಗ ಹಳ್ಳದ ದಂಡೆಗೆ ಬರೋಣ. ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ತೋಟದ ಮಾವ ಬಂದು, “ಎಂಜಿನ್ನು ಡೀಸೆಲ್ ಕುಡೀತದೆ ಮಾರಾಯ, ನೀರು ಮಾತ್ರ ಕೊಡಲ್ಲ” ಎಂದರು. ಪೇಟೆಯ ಮೆಕ್ಯಾನಿಕ್ ಬೋರ್ ಮಾಡಿಸಿ, ಪಿಸ್ಟನ್, ರಿಂಗ್ ಎಲ್ಲ ಹೊಸದು ಹಾಕಬೇಕು ಎಂದಿದ್ದನಂತೆ. ದುಡ್ಡಿಗಾಗಿ ಸೊಸೈಟಿಗೆ ಅರ್ಜಿಯೂ ಸಿದ್ಧವಾಗಿತ್ತು. “ಮಾವ, ಒಂದು ದಿನ ತಡೀರಿ, ಅಳೆದು ನೋಡೋಣ” ಎಂದೆ.

ನಮ್ಮ ಬಳಿ ಹಗ್ಗದ ಬ್ರೇಕೂ ಇಲ್ಲ, ಗಾಜಿನ ಕೊಳವೆಯೂ ಇಲ್ಲ. ಡೀಸೆಲ್ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ ಸರಿಯಾಗಿ ಒಂದು ಗಂಟೆ ಓಡಿಸಿದೆವು. ಮತ್ತೆ ಅದೇ ಮಟ್ಟಕ್ಕೆ ತುಂಬಿಸಲು 1.15 ಲೀಟರ್ ಹಿಡಿಯಿತು. ನೀರು ಬೀಳುವ ಕಡೆ 200 ಲೀಟರ್ ಡ್ರಮ್ ಇಟ್ಟೆವು. 25 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ 8 ಲೀಟರ್. ಹಳ್ಳದ ನೀರಿನ ಮಟ್ಟದಿಂದ ನೀರು ಬೀಳುವ ಜಾಗದ ಎತ್ತರವನ್ನು ಗಾರೆಯವರ ಲೆವೆಲ್ ಪೈಪಿನಿಂದ ಹಿಡಿದೆವು, 9 ಮೀಟರ್. ಗುಣಿಸಿ: 8, 9.81, 9. ಸುಮಾರು 706 ವಾಟ್. ಒಂದು ಗಂಟೆಗೆ 0.7 ಯೂನಿಟ್ ಕೆಲಸ. ಕೊಟ್ಟದ್ದು 11.5 ಯೂನಿಟ್. ನೂರಕ್ಕೆ ಆರು!

ಆರು ಎಂದ ಕೂಡಲೇ ಎಂಜಿನ್ ಹಾಳು ಎನ್ನಬೇಡಿ. ಇದು ಮೂರು ದಕ್ಷತೆಗಳ ಗುಣಲಬ್ಧ: ಎಂಜಿನ್, ಪಂಪ್, ಪೈಪ್. ಎಂಜಿನ್ನಿಗೆ 0.27 ಹಿಡಿಯಿರಿ, ಸಣ್ಣ ಪಂಪಿಗೆ 0.5. ಗುಣಿಸಿದರೆ 0.135. ಪೈಪಿನಲ್ಲಿ ಏನೂ ನಷ್ಟವಾಗದಿದ್ದರೆ ಹದಿಮೂರೂವರೆ ಬರಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಎಲ್ಲೋ ಸೋರುತ್ತಿದೆ. ಎಂಜಿನ್ ಸವೆದಿದ್ದರೆ ಸ್ಟಾರ್ಟ್ ಆಗಲು ಸತಾಯಿಸಬೇಕು, ನೀಲಿ ಹೊಗೆ ಬರಬೇಕು, ಆಯಿಲ್ ಇಳಿಯಬೇಕು. ಮಾವನ ಎಂಜಿನ್ನಿನಲ್ಲಿ ಇದಾವುದೂ ಇರಲಿಲ್ಲ. ಗಂಟೆಗೆ 1.15 ಲೀಟರ್ ಎನ್ನುವುದು ಐದು ಎಚ್‌ಪಿ ಎಂಜಿನ್ ಚೆನ್ನಾಗಿ ದುಡಿಯುವಾಗ ಕುಡಿಯುವಷ್ಟೇ. ದುಡಿಯುತ್ತಿತ್ತು, ಆದರೆ ಆ ದುಡಿಮೆ ತೋಟಕ್ಕೆ ತಲುಪುತ್ತಿರಲಿಲ್ಲ.

ಪೈಪನ್ನು ನೋಡಿದೆವು. ಪಂಪಿನ ಬಾಯಿ ಮೂರು ಇಂಚು. ಅಲ್ಲಿಂದ ತೋಟಕ್ಕೆ ಎಳೆದದ್ದು ಎರಡು ಇಂಚಿನ ಪೈಪು, ಮನೆಯಲ್ಲಿ ಇತ್ತು ಎಂದು. ಅಷ್ಟೇ ನೀರು ಮೂರು ಇಂಚಿನ ಬದಲು ಎರಡು ಇಂಚಿನಲ್ಲಿ ಹಾಯಬೇಕಾದರೆ ಘರ್ಷಣೆ ಏಳು ಪಟ್ಟಿಗೂ ಹೆಚ್ಚು, ಏಕೆಂದರೆ ಅದು ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಒಂಬತ್ತು ಮೀಟರ್ ಎತ್ತುವ ಪಂಪು ನಿಜವಾಗಿ ಇಪ್ಪತ್ತು ಮೀಟರಿನಷ್ಟು ತಳ್ಳುತ್ತಿತ್ತು. ಫುಟ್‌ವಾಲ್ವಿನ ಜಾಲರಿಯಲ್ಲಿ ಎರಡು ವರ್ಷದ ಎಲೆ, ಪಾಚಿ ಬೇರೆ.

ಜಾಲರಿ ತೊಳೆದು, ಮೂರು ಇಂಚಿನ ಪೈಪು ಹಾಕಿ ಮತ್ತೆ ಅಳೆದೆವು. ಡ್ರಮ್ಮು 16 ಸೆಕೆಂಡಿಗೆ ತುಂಬಿತು. ಸೆಕೆಂಡಿಗೆ 12.5 ಲೀಟರ್. ಡೀಸೆಲ್ ಗಂಟೆಗೆ 1.2 ಲೀಟರ್. ಒಟ್ಟು ದಕ್ಷತೆ ಶೇಕಡಾ ಆರರಿಂದ ಒಂಬತ್ತಕ್ಕೆ ಏರಿತು. ಮಾವನಿಗೆ ಶೇಕಡಾ ಬೇಕಿರಲಿಲ್ಲ, ಅವರಿಗೆ ಹೀಗೆ ಹೇಳಿದೆ: ಮೊದಲು ಒಂದು ಲೀಟರ್ ಡೀಸೆಲ್‌ಗೆ 25 ಸಾವಿರ ಲೀಟರ್ ನೀರು ಬರುತ್ತಿತ್ತು, ಈಗ 37,500 ಲೀಟರ್ ಬರುತ್ತದೆ. ತೋಟಕ್ಕೆ ಒಂದು ಸಲ 3 ಲಕ್ಷ ಲೀಟರ್ ಹಾಯಿಸಲು ಹನ್ನೆರಡು ಲೀಟರ್ ಬೇಕಿತ್ತು, ಈಗ ಎಂಟು ಸಾಕು. ಹತ್ತೂವರೆ ಗಂಟೆ ಕಾಯಬೇಕಿತ್ತು, ಈಗ ಏಳು ಗಂಟೆಯೂ ಬೇಡ. ಡೀಸೆಲ್ ದರವನ್ನು ನೀವೇ ಹಾಕಿಕೊಳ್ಳಿ. ಸೊಸೈಟಿಯ ಅರ್ಜಿ ಮಾವನ ಅಂಗಿಯ ಜೇಬಿನಲ್ಲೇ ಉಳಿಯಿತು.

ಎಲ್ಲ ಸಲವೂ ಪೈಪಿನದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಒಂದು ಕಿಲೋ ಡೀಸೆಲ್ ಉರಿಯಲು ಹದಿನಾಲ್ಕೂವರೆ ಕಿಲೋ ಗಾಳಿಯಾದರೂ ಬೇಕು. ಏರ್ ಕ್ಲೀನರ್ ಕಟ್ಟಿಕೊಂಡಿರಬಹುದು, ನಾಜಲ್ ಸೋರುತ್ತಿರಬಹುದು, ಭಾರ ಮಿತಿಮೀರಿರಬಹುದು. ಕೆಲವು ಸಲ ಬೋರ್ ಮಾಡಿಸಲೇಬೇಕಾಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಹೇಳಿದರೆ ನಂಬಿ. ಆದರೆ ರಿಪೇರಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆಯಿರಿ. ಎರಡು ಸಂಖ್ಯೆಗಳನ್ನೂ ಎಂಜಿನ್ ಮನೆಯ ಗೋಡೆಯ ಮೇಲೆ ತಾರೀಖಿನ ಜೊತೆ ಸೀಮೆಸುಣ್ಣದಲ್ಲಿ ಬರೆದಿಡಿ.

ನಾಳೆ ಬೆಳಿಗ್ಗೆ 8 ಗಂಟೆಗೆ ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹಳ್ಳದ ದಂಡೆಗೆ ಹೋಗುತ್ತಿದ್ದೇನೆ. ವಿಜ್ಞಾನದ ಮೇಷ್ಟ್ರು ಲ್ಯಾಬಿನ ಅಳತೆ ಜಾಡಿ ಕೊಡಲು ಒಪ್ಪಿದ್ದಾರೆ, ಡ್ರಮ್ಮು ಮಾವನದು. ನಾಲ್ಕು ಪಂಪ್‌ಸೆಟ್ ಅಳೆಯುವಷ್ಟು ಸಮಯವಿದೆ, ಇಬ್ಬರು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಇನ್ನಿಬ್ಬರು ಊಟದ ಪಂಕ್ತಿಯಲ್ಲಿ ನನಗೆ ಹೇಳಿ, ಟ್ಯಾಂಕನ್ನು ರಾತ್ರಿಯೇ ಕುತ್ತಿಗೆಯವರೆಗೆ ತುಂಬಿಸಿಟ್ಟಿರಿ. ಡೀಸೆಲ್ ನಿಮ್ಮದೇ.