ಮೈಯ ಮರೆಯ ಉಕ್ಕು

1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯು ಹೊರತಂದ ಡಾಲ್ಫಿನ್ ಎಂಬ ಪುಟ್ಟ ಕಾರು, ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ವಿನ್ಯಾಸವನ್ನು ಆಧರಿಸಿದ್ದು, 848 ಸಿಸಿಯ ಹಗುರ ಎಂಜಿನ್ನಿನ ಬಲದಿಂದ ರ‍್ಯಾಲಿಗಳಲ್ಲಿಯೂ ಓಟದ ಪಂದ್ಯಗಳಲ್ಲಿಯೂ ಕೀರ್ತಿಯನ್ನು ಸಂಪಾದಿಸಿತು. ಅದರ ಮೈ ಫೈಬರ್‌ಗ್ಲಾಸಿನದಾದುದರಿಂದ ತುಕ್ಕಿನ ಭಯವಿಲ್ಲ. ಆದರೆ ಆ ಮೈಯನ್ನು ಹೊತ್ತ ಚಾಸಿ ಉಕ್ಕಿನದು, ಮತ್ತು ಹಿಂದಿನ ಪಟ್ಟಿ ಸ್ಪ್ರಿಂಗುಗಳು ಅದಕ್ಕೆ ಸೇರುವ ಸಂದಿಯಲ್ಲಿ ದಶಕಗಳ ಕೆಸರೂ ತೇವವೂ ಅಡಗಿ ಕುಳಿತು, ಯಾರ ಕಣ್ಣಿಗೂ ಬೀಳದಂತೆ ಲೋಹವನ್ನು ತಿನ್ನುತ್ತವೆ.

ನಮ್ಮ ಸಾದಲಿಯ ಕಡೆ ಟ್ರಾಕ್ಟರ್ ಟ್ರೈಲರುಗಳನ್ನು ರಿಪೇರಿ ಮಾಡುವ ವೆಲ್ಡಿಂಗ್ ಕೆಲಸಗಾರನು ಮೊದಲು ಸುತ್ತಿಗೆಯಿಂದ ತಟ್ಟಿ ನೋಡುತ್ತಾನೆ: ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದುಮಾಡಿ ಪದರಪದರವಾಗಿ ಉದುರುತ್ತದೆ. ಆ ಪರೀಕ್ಷೆಯೇ ಈ ಕಾರಿಗೂ ಸಲ್ಲತಕ್ಕದ್ದು. ತುಕ್ಕಿನ ಮೇಲೆಯೇ ತಗಡು ಹಚ್ಚಿ ಬೆಸೆಯುವುದು ನನ್ನ ಮಟ್ಟಿಗೆ ಅಪರಾಧವೇ ಸರಿ. ಕಿಡಿ ತಾಗಿದರೆ ಫೈಬರ್ ಹೊತ್ತಿಕೊಳ್ಳಬಲ್ಲುದಾದ್ದರಿಂದ, ಮೈಯನ್ನು ಚಾಸಿಯಿಂದ ಎತ್ತಿ ಬೇರ್ಪಡಿಸಿ, ಪೆಟ್ರೋಲ್ ಟ್ಯಾಂಕನ್ನು ದೂರವಿರಿಸಿ, ಹೊಳೆಯುವ ಲೋಹ ಕಾಣುವವರೆಗೆ ಕೊಳೆತ ಭಾಗವನ್ನು ಕತ್ತರಿಸಿ, ಎರಡೂ ಬದಿಯ ಅಳತೆಯನ್ನು ಮತ್ತೆ ಮತ್ತೆ ತಾಳೆ ನೋಡಿದ ಮೇಲಷ್ಟೇ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹೊಸ ಬ್ರಾಕೆಟ್ಟನ್ನು ಬೆಸೆಯಬೇಕು. ಅಳತೆಗೆ ಬೆಸುಗೆಗಿಂತ ಹೆಚ್ಚು ಹೊತ್ತು ಹಿಡಿದರೂ ಅವಸರಪಡಲಾಗದು. ಬೋಲ್ಟಿನ ತೂತು ತುಸುವೇ ಓರೆಯಾದರೂ ಹಿಂದಿನ ಆಕ್ಸಲ್ ಸೊಟ್ಟಗೆ ಕುಳಿತು, ಕಾರು ನೆಟ್ಟಗೆ ಓಡಲಾರದು.