ಗೋಡೆ ಬಿತ್ತು ಸರಿ, ಯಾಕೆ ಬಿತ್ತು?

(ಸಂಘದ ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ಮನೆಗೆ ಬಂದು "ವಿಮೆ ಬಗ್ಗೆ ನಾಲ್ಕು ಮಾತು ಹೇಳಬೇಕು" ಎಂದಾಗ ನಮಗೆ ನಗು ಬಂತು. ವಿಮೆ ಹಣ ಕಳೆದುಕೊಂಡವರನ್ನೇ ಹುಡುಕಿ ಭಾಷಣಕ್ಕೆ ಕರೆದಿದ್ದಾರಲ್ಲ ಅಂತ. ಆದರೆ ದಾರಿಯಲ್ಲಿ ಕಲ್ಲು ಎಲ್ಲಿದೆ ಎಂಬುದು ಎಡವಿದವನಿಗೇ ಗೊತ್ತು ತಾನೆ? ಒಪ್ಪಿಕೊಂಡೆವು.

2019ರ ಆಗಸ್ಟಿನಲ್ಲಿ ಮಲೆನಾಡಿಗೆ ಬಂದ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಆಗ ಒಂದು ರಾತ್ರಿ ನಮ್ಮ ಮನೆ ಹಿಂದಿನ ಧರೆ ಜರಿದು ಅಡುಗೆಮನೆ ಗೋಡೆಯನ್ನು ಒಳಕ್ಕೆ ನೂಕಿತು. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ. ಬೆಳಗಾಗುತ್ತಲೇ ಕೇರಿಯವರೆಲ್ಲ ಸೇರಿ ಮಣ್ಣು ಹೊತ್ತು ತೋಟಕ್ಕೆ ಹಾಕಿದೆವು. ಮೂರು ದಿನದಲ್ಲಿ ಜಾಗ ಒಪ್ಪವಾಯಿತು. ಸಾಲ ತೆಗೆಯುವಾಗ ಮಾಡಿಸಿದ್ದ ವಿಮೆ ನೆನಪಾದದ್ದು ಆಮೇಲೆ. ಅರ್ಜಿಯಲ್ಲಿ ನಾವು ಬರೆದದ್ದು ಇಷ್ಟೇ: "ಮಳೆಯಿಂದ ಹಳೇ ಗೋಡೆ ಬಿದ್ದಿದೆ." ಆ ‘ಹಳೇ’ ಎಂಬ ಪದ ಯಾಕೆ ಸೇರಿಸಿದೆವೋ ದೇವರೇ ಬಲ್ಲ. ಓದಿದವರಿಗೆ ಕರುಣೆ ಬರಲಿ ಅಂತ ಇರಬೇಕು! ಸರ್ವೇಯರ್ ಬಂದಾಗ ಅವರಿಗೆ ಕಂಡದ್ದು ಬುಡದಲ್ಲಿ ತೇವ ಹಿಡಿದ ಮಣ್ಣುಗೋಡೆಯ ಮೋಟು ಮಾತ್ರ. ಜರಿದ ಮಣ್ಣು ಎಲ್ಲಿ ಅಂದರೆ ಅಡಿಕೆ ಮರದ ಬುಡದಲ್ಲಿ. ಬಹುಕಾಲದ ತೇವ ಮತ್ತು ಸವಕಳಿಯಿಂದ ಕುಸಿದಿದೆ ಎಂದು ವರದಿಯಾಯಿತು, ಹಣ ಬರಲಿಲ್ಲ. ಅವರು ಸುಳ್ಳು ಬರೆದರು ಎನ್ನಲಾರೆವು. ನಾವು ತೋರಿಸಿದ್ದನ್ನೇ ಬರೆದರು.

ಅದೇ ವಾರ ಮೇಲಿನ ಕೇರಿಯ ಒಂದು ಮನೆಗೂ ಹೀಗೇ ಆಯಿತು. ಅವರ ಮಗ ಕಿಟಕಿ ಮಟ್ಟಕ್ಕೆ ನಿಂತ ಮಣ್ಣಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟಿದ್ದ. ಗ್ರಾಮಲೆಕ್ಕಿಗರ ಮಹಜರು ಪ್ರತಿಯೂ ಇತ್ತು. ಅವರಿಗೆ ಹಣ ಬಂತು. ಮಳೆ ಒಂದೇ, ಧರೆ ಒಂದೇ.

ವಿಮೆಯವರು ಹಣ ಕೊಡುವುದು ಹಾನಿಗೆ ಅಂತ ನಾವೆಲ್ಲ ತಿಳಿದಿದ್ದೇವೆ. ಅಲ್ಲ ಮಾರಾಯ್ರೆ, ಅವರು ಕೊಡುವುದು ಕಾರಣಕ್ಕೆ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ವಿಮೆ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಮನೆ ಮೇಲೆ ಮರ ಬೀಳುವುದು, ಇವೆಲ್ಲ ಅದರೊಳಗೆ ಬರುತ್ತವೆ. ಆದರೆ ಹೊಸ ಕಟ್ಟಡ ಸಹಜವಾಗಿ ಕೂತು ಬಿರುಕು ಬಿಟ್ಟರೆ ಬರುವುದಿಲ್ಲ. ಮಣ್ಣು ತುಂಬಿಸಿ ಮಾಡಿದ ಜಾಗ ಕುಸಿದರೆ ಬರುವುದಿಲ್ಲ. ಕಟ್ಟಿದ್ದೇ ಸರಿ ಇಲ್ಲದಿದ್ದರೂ ಬರುವುದಿಲ್ಲ. ನಮ್ಮ ಕಡೆ ಗುಡ್ಡದ ಅರ್ಧ ಕಡಿದು, ಆ ಮಣ್ಣನ್ನೇ ಮುಂದೆ ತುಂಬಿಸಿ ಅಡಿಪಾಯ ಹಾಕುವ ರೂಢಿ ಉಂಟಲ್ಲ, ಅಂಥವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಸಿಡಿಲಿನದೂ ಒಂದು ತಕರಾರು. ತಂತಿಯಲ್ಲಿ ವಿದ್ಯುತ್ ನುಗ್ಗಿ ಟಿ.ವಿ. ಸುಟ್ಟರೆ ಆ ಟಿ.ವಿ.ಗೆ ಹಣವಿಲ್ಲ, ಸಿಡಿಲೇ ಕಾರಣವಾದರೂ ಇಲ್ಲ. ಅದರಿಂದ ಬೆಂಕಿ ಹತ್ತಿ ಮಾಡು ಸುಟ್ಟರೆ ಮಾಡಿಗೆ ಉಂಟು.

ಹಾಗಾದರೆ ಕಾರಣ ತಿಳಿಯುವುದು ಹೇಗೆ? ಗೋಡೆಯೇ ಹೇಳುತ್ತದೆ, ನೋಡುವ ತಾಳ್ಮೆ ಬೇಕು. ನೆರೆ ನೀರಿನ ಗುರುತು ಎಲ್ಲ ಕೋಣೆಯಲ್ಲೂ ಒಂದೇ ಮಟ್ಟಕ್ಕೆ ಗೆರೆ ಎಳೆದ ಹಾಗಿರುತ್ತದೆ. ನೆಲದಿಂದ ಏರುವ ತೇವ ಒಂದು ಕಡೆ ಮೊಣಕಾಲೆತ್ತರ, ಇನ್ನೊಂದು ಕಡೆ ಸೊಂಟದೆತ್ತರ, ಅಂಚಿನಲ್ಲಿ ಬಿಳಿ ಉಪ್ಪು. ಮಾಡಿನ ಸೋರಿಕೆ ಮೇಲಿನಿಂದ ಕೆಳಗೆ ಇಳಿದಿರುತ್ತದೆ. ಹಂಚು ಗಾಳಿಗೆ ಹಾರಿದ್ದರೆ ಹೆಚ್ಚಾಗಿ ಅಂಚಿನದು, ಮೂಲೆಯದು ಹೋಗಿ ದೂರ ಬಿದ್ದಿರುತ್ತದೆ. ಪಕಾಸಿ ಒರಲೆ ತಿಂದು ಕುಸಿದಿದ್ದರೆ ಹಂಚು ನೇರ ಒಳಗೇ ಬಿದ್ದಿರುತ್ತದೆ, ಮುರಿದ ಮರದ ತುದಿಯೂ ಪುಡಿಪುಡಿ. ತೆಳು ಕೂದಲಿನಂಥ ಬಿರುಕು ಗಾರೆ ಒಣಗುವಾಗ ಬರುವಂಥದು, ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನ ಹಾಗೆ ಹೋಗಿದ್ದರೆ ಅಡಿಪಾಯದ ಕಡೆ ನೋಡಬೇಕು. ಬಿರುಕಿನೊಳಗೆ ಧೂಳು, ಜೇಡರ ಬಲೆ, ಹಳೇ ಸುಣ್ಣ ಕಂಡರೆ ಅದು ನಿನ್ನೆಯದಲ್ಲ, ಸರ್ವೇಯರಿಗೂ ಅದು ಕಾಣುತ್ತದೆ. ಅನುಮಾನವಿದ್ದರೆ ಬಿರುಕಿಗೆ ಅಡ್ಡವಾಗಿ ಸಿಮೆಂಟಿನಲ್ಲಿ ಗಾಜಿನ ಪಟ್ಟಿ ಕೂರಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ.

ಹಾನಿಯಾದ ದಿನ ಮೊದಲು ಮನೆಮಂದಿ ಹೊರಗೆ, ಕರೆಂಟು ಬಂದ್. ಆಮೇಲೆ ಒಂದು ಬುಟ್ಟಿ ಮಣ್ಣು ಎತ್ತುವ ಮೊದಲು ಚಿತ್ರ ತೆಗೆಯಿರಿ, ದೂರದಿಂದ ಒಂದು, ಹತ್ತಿರದಿಂದ ಒಂದು. ಅಳತೆಗೆ ಪಕ್ಕದಲ್ಲಿ ಒಂದು ಕೋಲು ಇಡಿ. ವಿಮೆಯವರಿಗೆ ಅಂದೇ ತಿಳಿಸಿ. ಮಳೆ ಒಳಗೆ ಬಾರದಂತೆ ಟಾರ್ಪಾಲು ಹಾಕಲು ಯಾರ ಅಪ್ಪಣೆಯೂ ಬೇಡ, ಹಾನಿ ಹೆಚ್ಚದಂತೆ ನೋಡುವುದು ನಮ್ಮದೇ ಹೊಣೆ. ಕಂದಾಯ ಇಲಾಖೆಯ ಮಹಜರು ಪ್ರತಿ ಕೇಳಿ ಇಟ್ಟುಕೊಳ್ಳಿ. ಸರ್ವೇಯರಿಗೆ ನೀವು ದುಡ್ಡು ಕೊಡಬೇಕಿಲ್ಲ, ಅವರ ಶುಲ್ಕ ಕಂಪನಿಯದು. ಅವಶೇಷ ಸಾಗಿಸಿದ ಖರ್ಚಿಗೂ ಈಗಿನ ಪಾಲಿಸಿಯಲ್ಲಿ ಕ್ಲೇಮಿನ ಶೇಕಡಾ 2ರವರೆಗೆ ಸಿಗುತ್ತದೆ, ಟ್ರಾಕ್ಟರಿನವರಿಂದ ರಸೀದಿ ಪಡೆಯಿರಿ.

ಇನ್ನೊಂದು ಮಾತು, ಬೇಸರ ಮಾಡಬಾರದು. ಸಂಘದ ಜಗಲಿಯಲ್ಲಿ ಕೂತು "ಹೆಂಗಾದ್ರೂ ನೆರೆ ಅಂತ ಬರೆದ್ಬಿಡಿ" ಎನ್ನುವವರು ಇದ್ದಾರೆ. ಬೇಡ. ಸುಳ್ಳು ಕಾರಣ ಸಿಕ್ಕಿಬಿದ್ದರೆ ನಿಜವಾದ ಹಾನಿಯ ಹಣವೂ ಹೋಗುತ್ತದೆ. ನಿಜ ಕಾರಣವಿದ್ದೂ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಮಗೆ ಆಗ ಇದು ಗೊತ್ತಿದ್ದರೂ ತೋರಿಸಲು ಕೈಯಲ್ಲಿ ಏನಿತ್ತು ಹೇಳಿ?

ಈಗ ಪ್ರತಿವರ್ಷ ಮೇ ತಿಂಗಳಲ್ಲಿ ಮನೆಯ ನಾಲ್ಕೂ ಗೋಡೆ, ಮಾಡು, ಹಿಂದಿನ ಧರೆ, ಎಲ್ಲದರ ಚಿತ್ರ ತೆಗೆದಿಡುತ್ತೇವೆ. ಹೊಸ ಅಡುಗೆಮನೆ ಮೂಲೆಯಲ್ಲೂ ಒಂದು ಬಿರುಕು ಬಂದಿದೆ, ಗಾಜಿನ ಪಟ್ಟಿ ಕೂರಿಸಿದ್ದೇವೆ. ಇವತ್ತು ಬೆಳಿಗ್ಗೆ ಹೊರಡುವಾಗ ನೋಡಿದೆವು, ಒಡೆದಿಲ್ಲ. ನೋಡಬೇಕೆನ್ನುವವರು ಮನೆ ಕಡೆ ಬನ್ನಿ.