ಹಳೇ ಕಂಪ್ಯೂಟರ್ ರಿಪೇರಿಯೋ, ಹೊಸದೋ?

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಸಾಧನೆಯನ್ನು ನಮಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಚಿಕ್ಕದು. ಆಫೀಸಿನ ಹಳೇ ಕಂಪ್ಯೂಟರನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ, ಹೊಸದು ತರುವುದೋ ಎಂಬುದು. ಮಹಾಸಭೆಯಲ್ಲಿ ಇದರ ಮೇಲೆ ಜೋರು ಮಾತೇ ಆಯಿತು. "ಡೈರೆಕ್ಟರುಗಳಿಗೆ ಕಮಿಷನ್ ಬೇಕು, ಅದಕ್ಕೇ ಹೊಸದು" ಅಂತಲೂ ಒಬ್ಬರು ಅಂದರು. ಆದ್ದರಿಂದ ಮುಚ್ಚುಮರೆ ಇಲ್ಲದೆ ಹೇಳುತ್ತೇವೆ. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ, ಕಂಪ್ಯೂಟರ್ ಪಂಡಿತರಲ್ಲ. ಪೆಟ್ಟು ತಿಂದು ಕಲಿತದ್ದಷ್ಟೇ ನಮ್ಮ ವಿದ್ಯೆ.

ಈ ಕಂಪ್ಯೂಟರ್ ತಂದದ್ದು 2014ರಲ್ಲಿ. 2019ರಲ್ಲಿ ಒಂದು ಬೆಳಿಗ್ಗೆ ಹಾಲಿನ ಚೀಟಿಯಲ್ಲಿ ಯಾವುದೋ ಹಳೇ ಇಸವಿಯ ತಾರೀಖು ಬಂತು. ಸರಿಪಡಿಸಿದರೆ ಕರೆಂಟು ಹೋಗಿ ಬಂದ ಕೂಡಲೇ ಮತ್ತೆ ಅದೇ. ಪೇಟೆಯ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಹೊಸ ಸೆಟ್ಟೇ ಗತಿ ಅಂದರು. ಡಿಪ್ಲೊಮಾ ಓದುತ್ತಿದ್ದ ನಮ್ಮ ಸದಸ್ಯರ ಮಗನೊಬ್ಬ ಡಬ್ಬ ಬಿಚ್ಚಿ, ರೂಪಾಯಿ ಬಿಲ್ಲೆಯಂಥ ಒಂದು ಸೆಲ್ಲು ತೆಗೆದು ಬೇರೆ ಹಾಕಿದ. ಕರೆಂಟಿಲ್ಲದಾಗ ತಾರೀಖು, ಗಂಟೆ ಕಾಯುವುದು ಅದಂತೆ. ಸಿಆರ್ 2032 ಅಂತ ಕೇಳಿದರೆ ಸಣ್ಣ ದುಡ್ಡಿಗೆ ಸಿಗುತ್ತದೆ. ಅವತ್ತಿನಿಂದ, ಕೆಟ್ಟಿರುವುದು ಯಾವ ಭಾಗ ಅಂತ ಕೇಳದೆ ನಾವು ದುಡ್ಡು ಬಿಚ್ಚಿಲ್ಲ.

ಹಂಗಂತ ನಮ್ಮದು ತಪ್ಪೇ ಇಲ್ಲ ಅಂತಲ್ಲ. 2021ರಲ್ಲಿ ಕಂಪ್ಯೂಟರ್ ಶುರುವಾಗಲು ಕಾಲು ಗಂಟೆ ಹಿಡಿಯುತ್ತಿತ್ತು. ನೀವೆಲ್ಲ ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಬೈದದ್ದು ನಮಗೆ ನೆನಪಿದೆ. ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬೇರೆ. ಕಾರ್ಯದರ್ಶಿಗಳು ಎರಡು ಸಲ ಹೇಳಿದರು. "ನಡೀತಾ ಇದೆಯಲ್ಲ, ನಡೀಲಿ" ಎಂದು ಮುಂದಕ್ಕೆ ಹಾಕಿದವರು ನಾವೇ. ಒಂದು ದಿನ ಅದು ನಿಂತೇಹೋಯಿತು. ಪೆನ್‌ಡ್ರೈವಿಗೆ ಪ್ರತಿ ತೆಗೆಯುವುದೂ ತಪ್ಪಿಹೋಗಿದ್ದರಿಂದ ಒಂದು ಬಟವಾಡೆಯ ಲೆಕ್ಕ ಪೂರ್ತಿ ಹೋಯಿತು. ಒಕ್ಕೂಟಕ್ಕೆ ಹೋಗಿದ್ದು ಒಟ್ಟು ಹಾಲಿನ ಲೆಕ್ಕ. ಯಾರ ಹಾಲು ಎಷ್ಟು, ಫ್ಯಾಟು ಎಷ್ಟು ಎಂಬುದು ಆ ಡಬ್ಬದೊಳಗೇ ಇತ್ತು.

ಆಗ ನಮ್ಮ ಮಾನ ಉಳಿಸಿದ್ದು ನಿಮ್ಮ ಮನೆಯ ಚೀಟಿಗಳು. ಹಿಂದಿನ ಬೀದಿಯ ಅಜ್ಜಿ ಒಬ್ಬರು ಎರಡೂ ಹೊತ್ತಿನ ಚೀಟಿಯನ್ನು ಒಂದೂ ಬಿಡದೆ ತಂತಿಗೆ ಚುಚ್ಚಿ ಇಟ್ಟಿದ್ದರು. ಆದರೆ ಒಬ್ಬ ಸದಸ್ಯರ ಚೀಟಿಗಳು ಮಳೆಯಲ್ಲಿ ನೆನೆದು ಮುದ್ದೆಯಾಗಿದ್ದವು. ಹಿಂದಿನ ಬಟವಾಡೆ ನೋಡಿ ಅಂದಾಜಿನ ಮೇಲೆ ಕೊಟ್ಟೆವು. ಹಸು ಆಗತಾನೇ ಕರು ಹಾಕಿ ಹಾಲು ಹೆಚ್ಚಿತ್ತು, ಕಡಿಮೆ ಬಂತು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಇರಬಹುದು. ಇಲ್ಲ ಅನ್ನಲು ನಮ್ಮ ಹತ್ತಿರ ಕಾಗದ ಇಲ್ಲ.

ಆಮೇಲೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, 4 ಜಿಬಿ ಇದ್ದ ರ‍್ಯಾಮನ್ನು 8 ಜಿಬಿ ಮಾಡಿಸಿದೆವು. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಸವೆಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಇಲ್ಲ. ಖರ್ಚು ಸುಮಾರು ನಾಲ್ಕು ಸಾವಿರ. ಕಾಲು ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು. ಅವತ್ತು ಹೊಸದು ತಂದಿದ್ದರೆ ಅದು ದಂಡದ ಖರ್ಚೇ ಆಗುತ್ತಿತ್ತು.

ಹಂಗಾದರೆ ಈಗ ಯಾಕೆ ಹೊಸದು ಅಂತೀರಿ? ಅದರಲ್ಲಿರುವ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಉಚಿತ ಸುರಕ್ಷತಾ ಅಪ್‌ಡೇಟ್ ನಿಂತಿತು. ಕಂಪ್ಯೂಟರ್ ಅವತ್ತೇ ನಿಲ್ಲುವುದಿಲ್ಲ, ಓಡುತ್ತದೆ. ಆದರೆ ಆಮೇಲೆ ಕಂಡುಬಂದ ಕಿಂಡಿಗಳನ್ನು ಪುಕ್ಕಟೆಯಾಗಿ ಮುಚ್ಚುವವರಿಲ್ಲ. ಸಂಸ್ಥೆಗಳು ದುಡ್ಡು ಕಟ್ಟಿ ಪಡೆಯಬಹುದು, ಆ ದುಡ್ಡೂ ವರ್ಷವರ್ಷಕ್ಕೆ ಏರುವಂಥದ್ದು. ವಿಂಡೋಸ್ 11 ಹಾಕೋಣ ಎಂದರೆ ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ನಮ್ಮದು ನಾಲ್ಕನೆಯದು. ಪ್ರೊಸೆಸರ್ ಬದಲಾಯಿಸಿದರೆ ಮದರ್‌ಬೋರ್ಡ್ ಬದಲಾಯಿಸಬೇಕು. ನಮ್ಮ ಡಿಡಿಆರ್ 3 ರ‍್ಯಾಮ್ ಈಗಿನ ಬೋರ್ಡಿಗೆ ಕೂರುವುದಿಲ್ಲ. ಗುದ್ದಲಿಯ ಕಾವೂ ಬದಲಾಯಿಸಿ, ಗುದ್ದಲಿಯನ್ನೂ ಬದಲಾಯಿಸಿದ ಮೇಲೆ ರಿಪೇರಿ ಅನ್ನೋದೇನು ಬಂತು? ಲಿನಕ್ಸ್ ಹಾಕಿ, ದುಡ್ಡೇ ಬೇಡ ಎಂದ ಹುಡುಗರೂ ಇದ್ದಾರೆ. ಒಳ್ಳೆಯದೇ, ಆದರೆ ನಮ್ಮ ಹಾಲಿನ ಸಾಫ್ಟ್‌ವೇರ್ ವಿಂಡೋಸಿನಲ್ಲೇ ಓಡುವಂಥದ್ದು.

ಬರೀ ತೂಕ, ಫ್ಯಾಟು, ಚೀಟಿ ಆಗಿದ್ದರೆ ಇನ್ನೂ ಮೂರು ವರ್ಷ ಎಳೆಯಬಹುದಿತ್ತು. ಆದರೆ ನಿಮ್ಮ ಖಾತೆಗಳಿಗೆ ಬಟವಾಡೆ ಕಳಿಸುವುದೂ ಅದರಲ್ಲೇ. ಆ ಕೆಲಸವನ್ನು ಅದರ ಕೈಯಲ್ಲಿ ಬಿಡಲು ನಮಗೆ ಧೈರ್ಯ ಸಾಲದು.

ಆದ್ದರಿಂದ ಆಡಳಿತ ಮಂಡಳಿ ಹೀಗೆ ತೀರ್ಮಾನಿಸಿದೆ. ಬ್ಯಾಂಕು ಮತ್ತು ಆನ್‌ಲೈನ್ ಕೆಲಸಕ್ಕೆ ಹೊಸದು. ಹಳೆಯದನ್ನು ಗುಜರಿಗೆ ಹಾಕುವುದಿಲ್ಲ. ಇಂಟರ್‌ನೆಟ್ ವೈರು ಕಿತ್ತು ಹಾಲು ಅಳೆಯುವ ಜಾಗದಲ್ಲಿ ಇಡುತ್ತೇವೆ. ಹಳೇ 'ನುಡಿ' ಫಾಂಟಿನಲ್ಲಿ ಟೈಪ್ ಮಾಡಿದ ಸಭಾ ನಡವಳಿಗಳನ್ನು ಯೂನಿಕೋಡ್‌ಗೆ ಬದಲಾಯಿಸಿಸುತ್ತೇವೆ, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಕನ್ನಡವೆಲ್ಲ ಕಲಸುಮೇಲೋಗರ. ದಿನಾ ಸಂಜೆ ಎರಡು ಪೆನ್‌ಡ್ರೈವಿಗೆ ಲೆಕ್ಕದ ಪ್ರತಿ. ಒಂದು ಕಾರ್ಯದರ್ಶಿಗಳ ಮನೆಯಲ್ಲಿ, ಒಂದು ಸರದಿಯ ಮೇಲೆ ಒಬ್ಬ ನಿರ್ದೇಶಕರ ಮನೆಯಲ್ಲಿ ಇರುತ್ತದೆ. ಆದರೂ ನೀವು ಚೀಟಿ ಬಿಸಾಡಬೇಡಿ.

ಮೂರು ಅಂಗಡಿಯ ಕೊಟೇಶನ್ ನೋಟಿಸ್ ಬೋರ್ಡಿನಲ್ಲಿದೆ. ಊಟ ಮುಗಿಸಿ ಹೋಗುವಾಗ ಓದಿ. ಕಮಿಷನ್ ಮಾತೆತ್ತಿದವರು ಮೊದಲು ಓದಲಿ. ತಕರಾರು ಇದ್ದರೆ ಸೋಮವಾರದೊಳಗೆ ಬರೆದುಕೊಡಿ, ಆಮೇಲೇ ಚೆಕ್ಕಿಗೆ ಸಹಿ.